ದುಡಿಮೆಯ ಸಂಜೆ: ಇಡಗಂಟನ್ನು ಎಲ್ಲಿ ಇಡತಕ್ಕದ್ದು?

ಬರುವ ತಿಂಗಳ ಕೊನೆಗೆ ನಮ್ಮ ಮುದ್ರಣಾಲಯದ ಹಿರಿಯ ಅಕ್ಷರಜೋಡಕರೊಬ್ಬರು ಅರುವತ್ತು ತುಂಬಿ ನಿವೃತ್ತರಾಗುವರು. ಸೀಸದ ಮೊಳೆಗಳ ಕಾಲದಲ್ಲಿ ನಮ್ಮಲ್ಲಿಗೆ ಬಂದ ಅವರು, ಮೊಳೆಗಳು ಮೂಲೆ ಸೇರಿ ಕಂಪ್ಯೂಟರು ಬಂದಾಗ ಅದನ್ನೂ ಕಲಿತುಕೊಂಡು, ಪುಟಗಳು ಒಂದು ದಿನವೂ ತಡವಾಗದಂತೆ ನೋಡಿಕೊಂಡವರು. ಕಾಪುವಿನ ಸಮೀಪದಲ್ಲಿ ಅವರಿಗೆ ಒಂದು ಹೆಂಚಿನ ಮನೆ, ಹತ್ತಾರು ತೆಂಗಿನ ಮರಗಳು ಉಂಟು. ಕಳೆದ ವಾರ ರಾತ್ರಿ ಕೊನೆಯ ಪುಟವು ಯಂತ್ರಕ್ಕೆ ಹೋದ ತರುವಾಯ ಅವರು ನಮ್ಮ ಮೇಜಿನ ಬಳಿಗೆ ಬಂದು, ನಾಲ್ಕಾಗಿ ಮಡಚಿದ ಒಂದು ಕಾಗದವನ್ನು ಮುಂದಿಟ್ಟು, “ಧನಿಗಳೇ, ಇದನ್ನೊಮ್ಮೆ ನೋಡಿ ಹೇಳಬೇಕು. ಹಾಕಬಹುದೋ, ಬೇಡವೋ?” ಎಂದು ಕೇಳಿದರು.

ಅದು ಒಂದು ಪತ್ತಿನ ಸಂಘದ ಕರಪತ್ರ. ಹಿರಿಯ ನಾಗರಿಕರ ಠೇವಣಿಗೆ ನೂರಕ್ಕೆ ಹನ್ನೆರಡರ ಬಡ್ಡಿ. ಬಡ್ಡಿಯು ತಿಂಗಳು ತಿಂಗಳು ಕೈಗೆ. ತಂದುಕೊಟ್ಟವನು ಅವರ ತಂಗಿಯ ಮಗ. ಠೇವಣಿ ಕೂಡಿಸಿಕೊಟ್ಟರೆ ಅವನಿಗೆ ಕಮಿಶನು ಉಂಟು. ಭವಿಷ್ಯನಿಧಿ, ನಾವು ಕೊಡಬೇಕಾದ ಗ್ರಾಚ್ಯುಯಿಟಿ, ಮನೆಯಾಕೆ ಕೂಡಿಸಿಟ್ಟ ಅಲ್ಪಸ್ವಲ್ಪ ಎಲ್ಲವನ್ನೂ ಸೇರಿಸಿದರೆ ಅವರ ಕೈಗೆ 18 ಲಕ್ಷ ರೂಪಾಯಿ ಬರಲಿದೆ. ಹನ್ನೆರಡರ ದರದಲ್ಲಿ ತಿಂಗಳಿಗೆ 18,000 ರೂಪಾಯಿ. ಅವರ ಸಂಸಾರದ ಖರ್ಚು ತಿಂಗಳಿಗೆ 16,000. ಲೆಕ್ಕವು ಅಳತೆ ತೆಗೆದು ಹೊಲಿದ ಅಂಗಿಯಂತೆ ಕೂಡಿಬರುತ್ತದೆ. ಅದರಲ್ಲಿಯೇ ಅದರ ಅಪಾಯವೂ ಇದೆ.

ನಾವು ತತ್‌ಕ್ಷಣ ಉತ್ತರ ಕೊಡಲಿಲ್ಲ. ಕೊಡದಿದ್ದುದಕ್ಕೆ ಕಾರಣವನ್ನು ವಾಚಕರೆದುರು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಸುಮಾರು ಇಪ್ಪತ್ತೈದು ವರ್ಷಗಳ ಕೆಳಗೆ, ಈ ಪತ್ರಿಕೆಯ ಜಾಹೀರಾತು ವಿಭಾಗವನ್ನು ನಾವು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಒಂದು ಫೈನಾನ್ಸು ಸಂಸ್ಥೆಯವರು ಮುಖಪುಟಕ್ಕೆ ಜಾಹೀರಾತು ಕೊಡುತ್ತಿದ್ದರು. ಹಣವು ಕಾಲಕ್ಕೆ ಸರಿಯಾಗಿ ಬರುತ್ತಿದ್ದುದರಿಂದ ಅದರ ಬುಡವನ್ನು ಶೋಧಿಸುವ ಗೋಜಿಗೆ ನಾವು ಹೋಗಲಿಲ್ಲ. ಕಾರ್ಕಳದಲ್ಲಿ ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾಗಿದ್ದ ನಮ್ಮ ತೀರ್ಥರೂಪರು, “ನಮ್ಮ ಮಗನ ಪತ್ರಿಕೆಯಲ್ಲಿ ಬಂದಿದೆ” ಎಂಬ ಒಂದೇ ಧೈರ್ಯದಿಂದ ತಮ್ಮ ಇಡಗಂಟಿನ ಬಹುಭಾಗವನ್ನು ಅಲ್ಲಿ ಇಟ್ಟರು. ಎರಡು ವರ್ಷ ಬಡ್ಡಿ ಬಂದಿತು. ಮೂರನೆಯ ವರ್ಷ ಬಾಗಿಲಿಗೆ ಬೀಗ ಬಿದ್ದಿತು. ವ್ಯವಹಾರವು ನ್ಯಾಯಾಲಯವನ್ನು ಹತ್ತಿ ಇಳಿದು, ಮೂಲಧನದ ಒಂದು ಚೂರು ಮರಳಿದಾಗ ಅದನ್ನು ಪಡೆಯಲು ಅವರು ಇರಲಿಲ್ಲ. ಅವರು ನಮ್ಮನ್ನು ಒಂದು ದಿನವೂ ಆಕ್ಷೇಪಿಸಲಿಲ್ಲ. ಅಂದಿನಿಂದ ಈ ಪತ್ರಿಕೆಯಲ್ಲಿ ಖಾಸಗಿ ಠೇವಣಿಯ ಜಾಹೀರಾತನ್ನು ಸ್ವೀಕರಿಸುವುದಿಲ್ಲ. ಆದರೆ ನಮ್ಮ ಅಕ್ಷರಗಳನ್ನು ನಂಬಿ ಹಣ ಕಳಕೊಂಡ ಇತರ ವಾಚಕರು ಎಷ್ಟು ಮಂದಿಯೋ ಅವರ ಋಣವು ಉಳಿದೇ ಇದೆ. ಈ ಲೇಖನವು ಆ ಋಣದ ಒಂದು ಕಂತೆಂದು ತಿಳಿಯಬೇಕು.

ಹಣವನ್ನು ಕಾಯುವ ವಿದ್ಯೆಯು ನಮ್ಮ ಜಿಲ್ಲೆಗೆ ಹೊಸತಲ್ಲ. 1906ನೆಯ ಇಸವಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನನ್ನು 5,000 ರೂಪಾಯಿ ಮೂಲಧನದಿಂದ ಸ್ಥಾಪಿಸಿದರು. ಮೊದಲ ದಿನದ ವ್ಯವಹಾರ ಮುಗಿದಾಗ ಪೆಟ್ಟಿಗೆಯಲ್ಲಿದ್ದುದು 38 ರೂಪಾಯಿ 13 ಆಣೆ 2 ಪೈ. ಅದೇ ಮುಂದೆ ಕಾರ್ಪೊರೇಶನ್ ಬ್ಯಾಂಕಾಯಿತು. 1925ರಲ್ಲಿ ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಲುಕಿದ್ದಾಗ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಎಂಬ ಮೂವರು 8,000 ರೂಪಾಯಿಯಿಂದ ಉಡುಪಿಯಲ್ಲಿ ಮತ್ತೊಂದು ಸಂಸ್ಥೆಯನ್ನು ಕಟ್ಟಿದರು. ಅದು ಸಿಂಡಿಕೇಟ್ ಬ್ಯಾಂಕಾಗಿ ಮಣಿಪಾಲದ ಗುಡ್ಡದ ಮೇಲೆ ಬೆಳೆಯಿತು. 1928ರಲ್ಲಿ ಅವರು ಆರಂಭಿಸಿದ ಪಿಗ್ಮಿ ಠೇವಣಿಯ ಕ್ರಮದಲ್ಲಿ, ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಕೂಡಿಸುವ ಏರ್ಪಾಟಿತ್ತು. ಹನಿಗೂಡಿದರೆ ಹಳ್ಳವೆಂಬ ಗಾದೆಯನ್ನು ಲೆಕ್ಕದ ಪುಸ್ತಕಕ್ಕೆ ಇಳಿಸಿದವರು ಅವರು.

2020ನೆಯ ಇಸವಿ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಹಳೆಯ ಫಲಕಗಳನ್ನು ಇಳಿಸುವಾಗ ನಮ್ಮಲ್ಲಿ ಅನೇಕರಿಗೆ ಮನೆಯ ಹಿರಿಯರನ್ನು ಕಳಕೊಂಡಂತಾಯಿತು. ಆದರೆ ಹೆಸರು ಹೋಯಿತೇ ಹೊರತು ಠೇವಣಿದಾರರ ಒಂದು ಕಾಸೂ ಹೋಗಲಿಲ್ಲ. ಇಡಗಂಟಿಗೆ ಬೇಕಾದುದು ಪರಿಚಿತವಾದ ಫಲಕವಲ್ಲ, ಅದರ ಹಿಂದೆ ನಿಂತಿರುವ ಆಧಾರ ಎಂಬುದನ್ನು ಇದರಿಂದ ತಿಳಿಯಬಹುದು.

ಈ ಆಧಾರವೆಂದರೇನು? 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುರಿದುಬಿದ್ದಾಗ ದೇಶವೆಲ್ಲವೂ ಎಚ್ಚತ್ತಿತು. ಅದರ ಫಲವಾಗಿ 1962ರ ಜನವರಿ 1ರಿಂದ ಠೇವಣಿಗಳಿಗೆ ವಿಮೆ ಬಂದಿತು. ಆಗಿನ ಮಿತಿ 1,500 ರೂಪಾಯಿ. 2020ರ ಫೆಬ್ರುವರಿಯಿಂದ 5 ಲಕ್ಷ ರೂಪಾಯಿ. ಒಬ್ಬ ವ್ಯಕ್ತಿಗೆ ಒಂದು ಬ್ಯಾಂಕಿನಲ್ಲಿ ಎಷ್ಟು ಶಾಖೆಗಳಲ್ಲಿ ಎಷ್ಟು ಖಾತೆಗಳಿದ್ದರೂ, ಅಸಲು ಬಡ್ಡಿ ಕೂಡಿ ಈ ಮಿತಿಯು ಒಂದೇ. ನಗರ ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಉಂಟು. 2020ರ ಜನವರಿಯಲ್ಲಿ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ಪಡೆಯಕೂಡದೆಂದಾಗ, ನಿವೃತ್ತಿಯ ಹಣವನ್ನೆಲ್ಲ ಅಲ್ಲಿಯೇ ಇಟ್ಟಿದ್ದ ವೃದ್ಧರು ಬಾಗಿಲ ಮುಂದೆ ಸಾಲುಗಟ್ಟಿ ನಿಂತರು. ನಿರ್ಬಂಧಕ್ಕೊಳಗಾದ ಬ್ಯಾಂಕಿನ ಠೇವಣಿದಾರರಿಗೆ 90 ದಿನಗಳೊಳಗೆ 5 ಲಕ್ಷದ ತನಕ ಕೊಡತಕ್ಕದ್ದೆಂಬ ತಿದ್ದುಪಡಿಯು 2021ರಲ್ಲಿ ಬಂದಿತು. ಐದು ಲಕ್ಷ ಮೀರಿದ ಭಾಗಕ್ಕೆ ಮಾತ್ರ ಕಾಯುವುದೇ ಗತಿ.

ಇಲ್ಲಿಯೇ ವಾಚಕರು ಒಂದು ಭೇದವನ್ನು ಮನಸ್ಸಿನಲ್ಲಿ ಗಟ್ಟಿಮಾಡಿಕೊಳ್ಳಬೇಕು. ನಮ್ಮ ಪೇಟೆಗಳಲ್ಲಿ ಗಾಜಿನ ಬಾಗಿಲು, ತಂಪು ಯಂತ್ರ, ಸಮವಸ್ತ್ರದ ಗುಮಾಸ್ತರನ್ನುಳ್ಳ ಪತ್ತಿನ ಸಂಘಗಳೂ ಸೌಹಾರ್ದ ಸಹಕಾರಿಗಳೂ ನೋಟಕ್ಕೆ ಬ್ಯಾಂಕಿನಂತೆಯೇ ಇರುವವು. ಆದರೆ ಅವು ಬ್ಯಾಂಕುಗಳಲ್ಲ. ಮೇಲೆ ಹೇಳಿದ ವಿಮೆಯು ಅವುಗಳಿಗೆ ಅನ್ವಯಿಸುವುದಿಲ್ಲ. ಹೀಗೆಂದ ಮಾತ್ರಕ್ಕೆ ನಾವು ಸಹಕಾರ ತತ್ವದ ದ್ವೇಷಿಗಳಲ್ಲ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ದೀಪವನ್ನು ನಮ್ಮ ಜಿಲ್ಲೆಗೆ ತಂದು ಬೆಳಗಿಸಿದ ಮೊಳಹಳ್ಳಿ ಶಿವರಾಯರ ನಾಡು ಇದು. ಬಡವನಿಗೆ ಸಾಹುಕಾರನ ಕೈಯಿಂದ ಬಿಡುಗಡೆ ದೊರೆತುದು ಸಹಕಾರಿ ಸಂಘಗಳಿಂದ. ಇಂದಿಗೂ ಶುದ್ಧಹಸ್ತರಿಂದ ನಡೆಯುವ ಸಂಘಗಳು ಎಷ್ಟೋ ಇವೆ. ಆದರೆ ಸಹಕಾರಿಯ ಸದಸ್ಯನು ಗಿರಾಕಿಯಲ್ಲ, ಪಾಲುದಾರ. ವಾರ್ಷಿಕ ವರದಿಯನ್ನು ಓದುವ, ಮಹಾಸಭೆಯಲ್ಲಿ ಎದ್ದುನಿಂತು ಪ್ರಶ್ನಿಸುವ, ಲೆಕ್ಕ ಪರಿಶೋಧನೆಯಲ್ಲಿ ಸಂಘವು ಯಾವ ವರ್ಗದಲ್ಲಿದೆಯೆಂದೂ, ನಿರ್ದೇಶಕರ ನೆಂಟರಿಗೆ ಎಷ್ಟು ಸಾಲ ಹೋಗಿದೆಯೆಂದೂ ಕೇಳುವ ಶಕ್ತಿ ಉಳ್ಳವನು ತನ್ನ ಹಣದ ಒಂದಂಶವನ್ನು ಅಲ್ಲಿಡಲಿ. ಮಹಾಸಭೆಯ ದಿನ ಉಪಾಹಾರವನ್ನು ಮಾತ್ರ ಬಲ್ಲವನು ಜೀವಮಾನದ ಗಳಿಕೆಯನ್ನೆಲ್ಲ ಅಲ್ಲಿ ಸುರಿಯುವುದು ತರವಲ್ಲ.

ಇನ್ನು ಯಾವ ಕಾಯಿದೆಗೂ ಸೇರದ “ಯೋಜನೆ”ಗಳ ಮಾತೇ ಬೇರೆ. 2019ರಲ್ಲಿ ಬೆಂಗಳೂರಿನ ಐ. ಎಂ. ಎ. ಸಂಸ್ಥೆಯು ಮುಳುಗಿದಾಗ ಸಾವಿರಾರು ಸಂಸಾರಗಳು ಬೀದಿಯಲ್ಲಿ ನಿಂತುದು ಎಲ್ಲರಿಗೂ ವಿದಿತವೇ ಇದೆ. ಠೇವಣಿದಾರರ ರಕ್ಷಣೆಗೆ ಕರ್ನಾಟಕದಲ್ಲಿ 2004ರ ಕಾಯಿದೆಯೂ, ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ 2019ರ ಕೇಂದ್ರದ ಕಾಯಿದೆಯೂ ಇವೆ. ಆದರೆ ಕಾಯಿದೆಯು ಬರುವುದು ಕಳ್ಳನು ಹೋದ ಮೇಲೆ. ದೀಪ ಹಿಡಿದು ಹುಡುಕಿ ಸಿಕ್ಕಿದಷ್ಟನ್ನು ಹಂಚುವುದಷ್ಟೆ ಅದರ ಕೆಲಸ.

ಈಗ ಹನ್ನೆರಡರ ಬಡ್ಡಿಯ ಲೆಕ್ಕವನ್ನು ನೋಡುವ. 18 ಲಕ್ಷಕ್ಕೆ ತಿಂಗಳಿಗೆ 18,000ದಂತೆ ಬಂದರೂ, ಕೊಟ್ಟ ಅಸಲಿನಷ್ಟು ಹಣವು ಬಡ್ಡಿಯ ರೂಪದಲ್ಲಿ ಮರಳಬೇಕಾದರೆ 100 ತಿಂಗಳು, ಎಂದರೆ 8 ವರ್ಷ 4 ತಿಂಗಳು ಹಿಡಿಯುವುದು. ಅಷ್ಟು ಕಾಲ ಆ ಸಂಘವು ನೆಟ್ಟಗೆ ನಿಂತಿದ್ದರೆ ಮಾತ್ರ ನಾವು ಕೊಟ್ಟುದು ನಮ್ಮ ಕೈ ಸೇರಿತೆಂದಾಯಿತು. ಅತ್ತ ಅಂಚೆ ಕಚೇರಿಯಲ್ಲಿಯೂ ಬ್ಯಾಂಕುಗಳಲ್ಲಿಯೂ ಇರುವ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 2023ರ ಏಪ್ರಿಲಿನಲ್ಲಿ ನಿಗದಿಯಾದ ಬಡ್ಡಿ ನೂರಕ್ಕೆ 8.2. ಹೆಚ್ಚಿನ 3.8ರ ಆಸೆಗಾಗಿ ನೂರನ್ನೇ ಪಣಕ್ಕಿಡುವುದು ಜೂಜೇ ಹೊರತು ಸಂಸಾರಿಯ ಲೆಕ್ಕವಲ್ಲ. ಹೆಚ್ಚು ಬಡ್ಡಿ ಕೊಡುವವನು ಅದಕ್ಕಿಂತಲೂ ಹೆಚ್ಚು ಬಡ್ಡಿಗೆ ಆ ಹಣವನ್ನು ಯಾರಿಗೋ ಸಾಲ ಕೊಡಲೇಬೇಕು. ಅಷ್ಟು ಬಡ್ಡಿ ತೆತ್ತು ಸಾಲ ಕೊಳ್ಳುವವನು ಎಂಥವನಿರಬೇಕೆಂದು ಯೋಚಿಸಿದರೆ ಕರಪತ್ರದ ಬಣ್ಣವು ತಾನಾಗಿ ಮಾಸುವುದು.

ಆದಾಗ್ಯೂ ಎಲ್ಲವನ್ನೂ ಭದ್ರವಾದ ಠೇವಣಿಯಲ್ಲಿಟ್ಟು ಕಾಲು ಚಾಚಿ ಕೂತರೂ ಸಾಲದು. ಕೂತು ಉಂಡರೆ ಕುಡಿಕೆ ಹೊನ್ನು ಸಾಲದೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಬೆಲೆಗಳು ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಖರ್ಚು ಇಮ್ಮಡಿಯಾಗುವುದು. ಇಂದಿನ 16,000 ರೂಪಾಯಿಯ ಸಂಸಾರಕ್ಕೆ 72ನೆಯ ವಯಸ್ಸಿನಲ್ಲಿ 32,000ವೂ, 84ನೆಯ ವಯಸ್ಸಿನಲ್ಲಿ 64,000ವೂ ಬೇಕು. ಅಕ್ಕಿ, ಮೀನು, ಔಷಧ ಯಾವುದೂ ನಮ್ಮ ನಿವೃತ್ತಿಗೆ ಮರ್ಯಾದೆ ತೋರಿ ನಿಂತಲ್ಲಿಯೇ ನಿಲ್ಲುವುದಿಲ್ಲ. ಆದ್ದರಿಂದ ಇಡಗಂಟಿನ ಒಂದು ಸಣ್ಣ ಭಾಗವಾದರೂ ಬೆಳೆಯುವ ಜಾಗದಲ್ಲಿರತಕ್ಕದ್ದು.

ಬೆಳೆಯುವ ಜಾಗವೆಂದರೆ ಷೇರುಗಳು, ಅಥವಾ ಅನೇಕ ಷೇರುಗಳನ್ನು ಒಟ್ಟಾಗಿ ಕೊಳ್ಳುವ ಮ್ಯೂಚುವಲ್ ಫಂಡುಗಳು. ಬೆಳೆಯುವುದು ಬಾಡಲೂಬಹುದು. ಮುಂಬಯಿಯ ಸೆನ್ಸೆಕ್ಸು 2008ರ ಜನವರಿಯಲ್ಲಿ 20,000ಕ್ಕೂ ಮೇಲಿತ್ತು. 2009ರ ಮಾರ್ಚಿನಲ್ಲಿ 8,500ಕ್ಕಿಂತಲೂ ಕೆಳಗಿಳಿಯಿತು. 2010ರ ಕೊನೆಗೆ ಪುನಃ ಹಳೆಯ ಎತ್ತರವನ್ನು ಮುಟ್ಟಿತು. ಮೂವತ್ತರ ಹರೆಯದವನು ಆ ಮೂರು ವರ್ಷಗಳನ್ನು ಮರೆತಿರಬಹುದು. 2008ರಲ್ಲಿ ನಿವೃತ್ತನಾಗಿ, ತಿಂಗಳ ಖರ್ಚಿಗೆಂದು ಇಳಿದ ಬೆಲೆಯಲ್ಲಿ ಮಾರುತ್ತ ಹೋದವನಿಗೆ ಮಾತ್ರ ಪೇಟೆ ಮರಳಿ ಏರಿದಾಗ ಮಾರಲು ಉಳಿದುದೇ ಸ್ವಲ್ಪ. ನಿವೃತ್ತಿಯ ಹಿಂದುಮುಂದಿನ ಐದಾರು ವರ್ಷಗಳು ಇಂಥ ಅಪಾಯದ ಕಾಲ. ಆದುದರಿಂದ ಐವತ್ತೈದು ದಾಟಿದವರು ಷೇರಿನ ಭಾಗವನ್ನು ವರ್ಷವರ್ಷವೂ ಸ್ವಲ್ಪ ಸ್ವಲ್ಪ ಇಳಿಸುತ್ತ, ನಿವೃತ್ತಿಯ ದಿನ ಕೆಲವು ವರ್ಷಗಳ ಖರ್ಚು ಪೇಟೆಯ ಏರಿಳಿತಕ್ಕೆ ಸಿಗದಂತೆ ಇರಿಸಿಕೊಳ್ಳುವುದು ಲೇಸು. ಮಳೆಗಾಲಕ್ಕೆ ಮುನ್ನ ದೋಣಿಯನ್ನು ದಡಕ್ಕೆ ಎಳೆದಿಡುವುದನ್ನು ಕಾಪುವಿನ ಮೊಗವೀರರಿಗೆ ಯಾರೂ ಕಲಿಸಬೇಕಿಲ್ಲ; ಹಾಗೆ ಎಳೆದವರು ಸಮುದ್ರವನ್ನು ತೊರೆದರೆಂದೂ ಅರ್ಥವಲ್ಲ.

ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಭಾಗವತದ ಬಲಿಯ ಪ್ರಕರಣದಲ್ಲಿ ಶುಕ್ರಾಚಾರ್ಯರ ಹಿತವಚನ ಬರುತ್ತಿತ್ತು. ಧರ್ಮಕ್ಕೆ, ಕೀರ್ತಿಗೆ, ಧನದ ವೃದ್ಧಿಗೆ, ಸುಖಕ್ಕೆ, ಸ್ವಜನರಿಗೆ ಎಂದು ಸಂಪತ್ತನ್ನು ಐದಾಗಿ ಹಂಚಿದವನು ಸುಖವಾಗಿರುವನೆಂಬುದು ಅದರ ತಾತ್ಪರ್ಯ. ಬಲಿಯು ಆ ಮಾತನ್ನು ಮೀರಿದನು ನಿಜ. ಆದರೆ ಅವನ ಎದುರಿಗೆ ನಿಂತಿದ್ದವನು ವಾಮನ. ನಮ್ಮ ಎದುರಿಗೆ ನಿಂತಿರುವವನು ಕಮಿಶನ್ ಏಜೆಂಟು.

ಈ ವಿಭಾಗದ ನ್ಯಾಯವನ್ನು ಅನುಸರಿಸಿ ನಾವೂ ಅಕ್ಷರಜೋಡಕರೂ ಮರುದಿನ ಒಂದು ಕಾಗದದ ಮೇಲೆ ಲೆಕ್ಕ ಹಾಕಿದೆವು. 18 ಲಕ್ಷದಲ್ಲಿ 10 ಲಕ್ಷ ಹಿರಿಯ ನಾಗರಿಕರ ಯೋಜನೆಗೆ. ಐದು ವರ್ಷದ ಮುದ್ದತು. ಇಟ್ಟ ದಿನದ ದರವು ಮುದ್ದತು ಮುಗಿಯುವ ತನಕ ಬದಲಾಗದು. ಒಬ್ಬರಿಗೆ ಪರಮಾವಧಿ 30 ಲಕ್ಷ. 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ, ಎಂದರೆ ತಿಂಗಳಿಗೆ ಸುಮಾರು 6,830. ಇನ್ನು 3 ಲಕ್ಷ ಬ್ಯಾಂಕಿನ ನಿರಖು ಠೇವಣಿಗೆ, ಒಂದೊಂದು ಲಕ್ಷದಂತೆ ಒಂದು, ಎರಡು, ಮೂರು ವರ್ಷಗಳಿಗೆ. ಹೀಗೆ ಮಾಡಿದರೆ ಪ್ರತಿವರ್ಷವೂ ಒಂದು ಠೇವಣಿ ಕೈಗೆ ಬರುವುದು, ದರ ಇಳಿದ ವರ್ಷದಲ್ಲಿ ಎಲ್ಲವೂ ಒಮ್ಮೆಗೇ ಸಿಕ್ಕಿಬೀಳದು. ನೂರಕ್ಕೆ 7 ಎಂದು ಹಿಡಿದರೆ ತಿಂಗಳಿಗೆ 1,750. ಆಪತ್ಕಾಲಕ್ಕೆಂದು 2 ಲಕ್ಷ ಬೇಕಾದಾಗ ತೆಗೆಯಬಹುದಾದ ಖಾತೆಯಲ್ಲಿ. ಉಳಿದ 3 ಲಕ್ಷವನ್ನು ಎರಡು ವರ್ಷಗಳ ಕಂತುಗಳಲ್ಲಿ ಸೂಚ್ಯಂಕದ ಮ್ಯೂಚುವಲ್ ಫಂಡಿಗೆ. ಹತ್ತು ವರ್ಷ ಅದನ್ನು ಮುಟ್ಟತಕ್ಕದ್ದಲ್ಲ, ದಿನವೂ ಅದರ ಬೆಲೆ ನೋಡಿ ನಿದ್ದೆಗೆಡತಕ್ಕದ್ದೂ ಅಲ್ಲ.

ಭವಿಷ್ಯನಿಧಿಯ ಪಿಂಚಣಿ ಅವರಿಗೆ ತಿಂಗಳಿಗೆ ಸುಮಾರು 4,000. ಎಲ್ಲ ಸೇರಿ 12,580 ಆಯಿತು. ಬೇಕಾದುದು 16,000. ಕೊರತೆ 3,420. ಕರಪತ್ರದ ಲೆಕ್ಕವು ಕೂಡಿಬಂದಂತೆ ನಮ್ಮ ಲೆಕ್ಕವು ಕೂಡಿಬರಲಿಲ್ಲವೆಂದು ಒಪ್ಪಲೇಬೇಕು. ಅವರು ಕಾಗದವನ್ನು ದಿಟ್ಟಿಸಿ, “ಇದರಲ್ಲಿ ಸಾಲದಲ್ಲ ಧನಿಗಳೇ” ಎಂದರು. ಸಾಲದು ನಿಜ. ಆದರೆ ಸಾಲದ ಲೆಕ್ಕವನ್ನು ಸಾಲದೆಂದೇ ತೋರಿಸುವ ಕಾಗದವು, ಸಾಲುವುದೆಂದು ನಂಬಿಸುವ ಕಾಗದಕ್ಕಿಂತ ಮೇಲು. ಕೊರತೆಯು ಮೊದಲೇ ಕಣ್ಣಿಗೆ ಬಿದ್ದರೆ ಅದನ್ನು ತುಂಬುವ ದಾರಿಯನ್ನು ಕೈಕಾಲು ಗಟ್ಟಿಯಿರುವಾಗಲೇ ಹುಡುಕಬಹುದು. ಇನ್ನೂ ಎರಡು ಮೂರು ವರ್ಷ ಅರ್ಧ ದಿನ ಬಂದು ಕರಡು ತಿದ್ದಿಕೊಡುವಿರೋ ಎಂದು ನಾವು ಕೇಳಿದೆವು. ಒಳ್ಳೆಯ ಕರಡು ತಿದ್ದುವವರು ನಮಗೂ ಬೇಕು, ಇದು ದಾನವಲ್ಲ.

ನಿವೃತ್ತಿಯು ಸಮೀಪಿಸುತ್ತಿರುವ ಇತರರಿಗೂ ಕೆಲವು ಮಾತುಗಳು ಸಲ್ಲುವವು. ಹಣ ಕೈಗೆ ಬಂದ ವಾರದಲ್ಲಿಯೇ ಯಾವ ತೀರ್ಮಾನವನ್ನೂ ಮಾಡಬೇಡಿರಿ. ಅದು ಕೆಲವು ವಾರ ಉಳಿತಾಯ ಖಾತೆಯಲ್ಲಿ ತಣ್ಣಗಿರಲಿ. ಹಿರಿಯ ನಾಗರಿಕರ ಯೋಜನೆಯನ್ನು ನಡುವೆ ಮುರಿದರೆ, ಒಂದು ವರ್ಷ ಕಳೆದು ಎರಡರೊಳಗೆ ಅಸಲಿನಲ್ಲಿ ನೂರಕ್ಕೆ ಒಂದೂವರೆಯೂ, ಆಮೇಲೆ ಒಂದೂ ಕಡಿತವಾಗುವುದು. ಆದುದರಿಂದ ಕೈಖರ್ಚಿನ ಹಣವನ್ನು ಅಲ್ಲಿಡಬಾರದು. ಮುಂಬಯಿಯಲ್ಲಿಯೂ ಕೊಲ್ಲಿ ದೇಶಗಳಲ್ಲಿಯೂ ದುಡಿದು ಊರಿಗೆ ಮರಳುವ ನಮ್ಮವರು ಮೊದಲು ಮನೆಗೆ ಮಾಳಿಗೆ ಏರಿಸುವರು. ಮಾಳಿಗೆಯು ಬಡ್ಡಿ ಕೊಡದು, ಹಸಿದಾಗ ಅದರ ಒಂದು ಗೋಡೆಯನ್ನು ಮಾರಲೂ ಬಾರದು. ಆರೋಗ್ಯ ವಿಮೆಯನ್ನು ನೌಕರಿಯಲ್ಲಿರುವಾಗಲೇ ಸ್ವಂತವಾಗಿ ಮಾಡಿಸಿಡಿರಿ. ಎಪ್ಪತ್ತು ತುಂಬಿದ ಎಲ್ಲರಿಗೂ 5 ಲಕ್ಷದ ತನಕ ಆಯುಷ್ಮಾನ್ ಭಾರತದ ಸೌಲಭ್ಯವು 2024ರ ಅಕ್ಟೋಬರಿನಿಂದ ದೊರೆತಿದೆಯಾದರೂ, ಅರುವತ್ತರಿಂದ ಎಪ್ಪತ್ತರ ನಡುವಣ ಹತ್ತು ವರ್ಷಗಳನ್ನು ಅಂಥ ಸೌಲಭ್ಯವಿಲ್ಲದವರು ತಾವೇ ಯೋಚಿಸಿಕೊಳ್ಳಬೇಕು. ಪ್ರತಿಯೊಂದು ಖಾತೆಗೂ ನಾಮನಿರ್ದೇಶನ ಮಾಡಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಹಣವು ಎಲ್ಲೆಲ್ಲಿದೆಯೆಂಬುದನ್ನು ಮನೆಯಾಕೆಗೆ ತಿಳಿಸಿ, ಒಂದು ಪುಸ್ತಕದಲ್ಲಿ ಬರೆದಿಡಿರಿ. ನಮ್ಮ ತೀರ್ಥರೂಪರು ಆ ಫೈನಾನ್ಸಿನಲ್ಲಿ ಎಷ್ಟು ಇಟ್ಟಿದ್ದರೆಂಬುದು ನಮ್ಮ ತಾಯಿಗೆ ತಿಳಿದುದು ಬಾಗಿಲು ಮುಚ್ಚಿದ ಮೇಲೆ.

ನಮಗೂ ಈಗ ಐವತ್ತಾರು. ಪತ್ರಿಕೆಯ ಒಡೆಯನಿಗೆ ಪಿಂಚಣಿಯಿಲ್ಲ, ಗ್ರಾಚ್ಯುಯಿಟಿಯಿಲ್ಲ. ಪರರಿಗೆ ಹಾಕಿಕೊಟ್ಟ ಲೆಕ್ಕವನ್ನು ಅದೇ ರಾತ್ರಿ ನಮಗಾಗಿಯೂ ಹಾಕಿಕೊಂಡೆವು; ನಮ್ಮದರಲ್ಲಿಯೂ ಕೊರತೆಯೇ ತೋರಿತು.

ನಿನ್ನೆ ಅಕ್ಷರಜೋಡಕರು ಬಂದು ತಮ್ಮ ನಿರ್ಧಾರವನ್ನು ತಿಳಿಸಿದರು. ತಂಗಿಯ ಮಗನ ಮುಖ ಉಳಿಯಬೇಕೆಂದು 50,000 ರೂಪಾಯಿಯನ್ನು ಮಾತ್ರ ಆ ಸಂಘದಲ್ಲಿಡುವರಂತೆ; ಅದು ಆಪತ್ಕಾಲದ ಎರಡು ಲಕ್ಷದಿಂದ ಹೋಗುವುದು. ಉಳಿದುದೆಲ್ಲ ಕಾಗದದಲ್ಲಿ ಬರೆದಂತೆ. ನಾವು ಬೇಡವೆನ್ನಲಿಲ್ಲ. ಹಣ ಅವರದು, ನೆಂಟಸ್ತಿಕೆಯೂ ಅವರದು. ಹೋದರೂ ಒಲೆಯು ಆರದಷ್ಟು ಮಾತ್ರ ಅವರು ಇಡುತ್ತಿದ್ದಾರೆ. ಬರುವ ತಿಂಗಳ ಮೊದಲ ತಾರೀಕಿನಿಂದ ಮಧ್ಯಾಹ್ನ ಎರಡು ಗಂಟೆಗೆ ಬರುವೆನೆಂದು ಹೇಳಿ, ಈ ಲೇಖನದ ಕರಡನ್ನು ತಾವೇ ಕೈಗೆತ್ತಿಕೊಂಡು, ಮೂರು ತಪ್ಪುಗಳನ್ನು ತಿದ್ದಿದರು.